ಕಾವಿ ಪಟ್ಟಿ

ಸುಣ್ಣ ಬಳಿಯುವ ಜವರಪ್ಪನ ಗ್ರಹಚಾರ ಕೆಟ್ಟದ್ದು ಅರ್ಧ ಬಕೆಟ್ ಸುಣ್ಣದಿಂದ. ಅರಸೀಕೆರೆಯ ಮೇಲಿನ ಬಡಾವಣೆಯಲ್ಲಿ ಗಂಗಾಧರಯ್ಯನವರ ಕಾಂಪೌಂಡಿಗೆ ಬಳಿದು ಮಿಕ್ಕಿದ್ದ ಸುಣ್ಣ ಅದು. ಅವರು ಹೇಳಿದಂತೆ ಗೋಡೆಯ ಬುಡಕ್ಕೆ ಎರಡಡಿ ಎತ್ತರ ಕಾವಿ ಪಟ್ಟಿಯನ್ನೂ ಬಳಿದು ಬಂದಿದ್ದ.

ಜವರಪ್ಪನ ಮನೆ ಕೆಳಗಿನ ಬೀದಿಯಲ್ಲಿ. ಮಳೆ ಬಂದರೆ ಮೇಲಿನವರಿಗೆ ಬಜ್ಜಿ ತಿನ್ನುವ ಆಸೆ, ಕೆಳಗಿನವರಿಗೆ ರಾಗಿ ಚೀಲ ಅಟ್ಟಕ್ಕೇರಿಸುವ ಆತುರ. ಹೋದ ವಾರ ಮೇಲಿನ ನೀರೆಲ್ಲ ಮನೆಗಳಿಗೆ ನುಗ್ಗಿ, ಹೊರಗೋಡೆಗಳ ಮೇಲೆ ಸೊಂಟದೆತ್ತರ ಕೆಸರಿನ ಗೆರೆ ಬಿಟ್ಟು ಹೋಗಿತ್ತು. ಒಂದು ಚರಂಡಿಗಾಗಿ ಬೀದಿಯವರು ತೊಂಬತ್ತಾರನೇ ಇಸವಿಯಿಂದ ಅರ್ಜಿ ಕೊಟ್ಟು ಕೊಟ್ಟು ನಾಲ್ಕು ವರ್ಷವಾಗಿತ್ತು.

ಬೆಳಿಗ್ಗೆ ಪಕ್ಕದ ಮನೆಯ ಕಲ್ಲೇಶಪ್ಪ ಓಡಿ ಬಂದ.

"ಏನ್ಲಾ ಜವರ, ಮಧ್ಯಾಹ್ನ ಇಂಜಿನಿಯರ್ ಸಾಹೇಬ್ರು ಚರಂಡಿಗೆ ಜಾಗ ನೋಡಕ್ಕೆ ಬತ್ತಾರಂತೆ. ನಿನ್ ಗೋಡೆ ನೋಡು, ಎಮ್ಮೆ ಮೈ ಉಜ್ಜಿದಂಗೈತೆ! ಊರಿಗೆಲ್ಲಾ ಸುಣ್ಣ ಬಳಿಯೋನ ಮನೆ ಹಿಂಗಿದ್ರೆ ಬೀದಿ ಮಾನ ಉಳೀತದಾ?"

"ಸುಣ್ಣ ಐತಲ್ಲ, ಬಳೀರಿ ಅತ್ಲಾಗೆ" ಎಂದಳು ಹೆಂಡತಿ ಗಿಡ್ಡಮ್ಮ.

ಬಳಿದ. ಸುಣ್ಣ ಅರ್ಧಕ್ಕೇ ಮುಗಿಯಿತು. ಕಲ್ಲೇಶಪ್ಪ ಮನೆಮನೆ ತಿರುಗಿ ಹಬ್ಬಕ್ಕಿಟ್ಟಿದ್ದ ಸುಣ್ಣವನ್ನೆಲ್ಲ ತಂದ. ಕೊಟ್ಟವರೆಲ್ಲ "ನಮ್ಮನೇಗೂ ಒಂದ್ ಕೈ ಆಡ್ಸಪ್ಪ" ಎಂದರು. ರಂಗಮ್ಮನ ಕರಿ ಕೋಳಿ ಬಕೆಟ್ಟಿಗೆ ಬಿದ್ದು ಕೊಕ್ಕರೆಯಾಗಿ ಎದ್ದಿತು. ಮೂರು ಗಂಟೆಗೆ ಇಡೀ ಬೀದಿ ಬೆಳ್ಳಗೆ ಹೊಳೆಯುತ್ತಿತ್ತು, ಜವರಪ್ಪನ ರಟ್ಟೆ ಬಿದ್ದುಹೋಗಿತ್ತು.

ಜೀಪು ಬಂತು. ಕೆಸರು ಕಂಡು ಇಂಜಿನಿಯರು ಇಳಿಯಲಿಲ್ಲ, ಕಿಟಕಿಯಿಂದಲೇ ಕತ್ತು ಚಾಚಿದರು.

"ನೀರು ಎಲ್ಲೀತನಕ ಬಂದಿತ್ತು? ಗುರುತೇ ಇಲ್ವಲ್ರೀ?"

"ಸೊಂಟದ ಮಟ್ಟ ಸ್ವಾಮಿ! ಬೆಳಗ್ಗೆಗಂಟ ಗೆರೆ ಇತ್ತು. ನಾನೇ ಸುಣ್ಣ ಬಳ್ದ್‌ಬುಟ್ಟೆ."

"ನೀರು ನುಗ್ಗೋ ಮನೆಗೆ ಯಾರಾದ್ರೂ ಸುಣ್ಣ ಹೊಡೀತಾರೇನ್ರೀ? ಗೋಡೇಲಿ ಗುರುತು ಇದ್ದ ಕಡೆಗೇ ಚರಂಡಿ. ಅದು ರೂಲು."

ಮೇಲಕ್ಕೆ ಹೊರಟ ಜೀಪಿನ ಹಿಂದೆ ಜವರಪ್ಪ ಬರಿಗಾಲಲ್ಲೇ ಓಡಿದ.

ಜೀಪು ಗಂಗಾಧರಯ್ಯನವರ ಕಾಂಪೌಂಡಿನ ಮುಂದೆ ನಿಂತಿತ್ತು. ಇಂಜಿನಿಯರು ಕೂತಲ್ಲಿಂದಲೇ ಲೊಚಗುಟ್ಟುತ್ತಿದ್ದರು.

"ಅಯ್ಯೋ ಪಾಪ, ಪೂರ್ತಿ ಎರಡಡಿ ಕೆಂಪು ನೀರು ನಿಂತಿದೆ! ಗುರುತು ಎಷ್ಟು ನೀಟಾಗಿದೆ ನೋಡ್ರೀ!"

"ಸ್ವಾಮಿ, ಅದು ನಾನ್ ಬಳಿದಿರೋ ಕಾವಿ..."

"ಸುಮ್ನಿರಯ್ಯ ಜವರಪ್ಪ" ಎಂದರು ಗಂಗಾಧರಯ್ಯ, ಗೇಟಿಗೊರಗಿ ಕಾಫಿ ಕುಡಿಯುತ್ತ. "ಸಾಹೇಬರಿಗೆ ಗೊತ್ತಾಗಲ್ವೇನು?"

ಇಂಜಿನಿಯರು ಆಗಲೇ ಚರಂಡಿಯನ್ನು ಕಾಗದದ ಮೇಲೆ ಬರೆಯುತ್ತಿದ್ದರು.

"ಸರಿ, ಈ ನೀರನ್ನ ಎಲ್ಲಿಗೆ ಬಿಡ್ತೀರಿ?" ಎಂದು ಕೇಳಿದರು ಗಂಗಾಧರಯ್ಯ.

ಇಂಜಿನಿಯರು ತಲೆಯೆತ್ತಿ ಇಳಿಜಾರಿನ ಕಡೆ ಪೆನ್ನು ತೋರಿಸಿದರು.

"ಅದೋ, ಕೆಳಗಿನ ಆ ಬೆಳ್ಳಗಿರೋ ಬೀದಿಗೆ. ಅಲ್ಲಿ ಒಂದು ತೊಟ್ಟು ನೀರು ನಿಂತ ಗುರುತೂ ಇಲ್ಲ."