ಸೆನ್ಯೊ ಫಾರಿದೆಸ್ ಅವರ ಬಲಗೈ ಮೇಲೊಂದು ದೂರು

ಶ್ರೀಮತಿ ಫಾರಿದೆಸ್ ಲೂಗೊ ಅವರಿಗೆ,
ಸಹಾಯಕ ದಾದಿ (ನಮ್ಮೂರ ಬಾಯಲ್ಲಿ ‘ಸೆನ್ಯೊ’, ಅಂದರೆ ಅಮ್ಮಾವ್ರು), ಆಪರೇಷನ್ ವಾರ್ಡು,
ಸಿನು ನದಿಯ ಈ ದಂಡೆಯ ಸಮಸ್ತ ಹೊಟ್ಟೆಗಳ ಸರ್ವಾಧಿಕಾರಿಣಿ.

ಮಾನ್ಯರೇ,

ಮೊದಲು ತಮ್ಮ ಬಿಳಿ ರಬ್ಬರ್ ಚಪ್ಪಲಿಗಳಿಗೆ, ಆಮೇಲೆ ತಮಗೆ, ನನ್ನ ಸವಿನಯ ನಮಸ್ಕಾರಗಳು. ಈ ಸರದಿಯನ್ನು ಅವಮಾನವೆಂದು ಭಾವಿಸಬಾರದು. ವಾರ್ಡಿಗೆ ತಾವು ಬರುವ ಮುಂಚೆ ಆ ಚಪ್ಪಲಿಗಳ ಚಪಚಪ ಶಬ್ದ ಬರುತ್ತಿತ್ತು. ಅದನ್ನು ಕೇಳಿದ ಕೂಡಲೇ ಬಚ್ಚಿಡಬೇಕಾದುದನ್ನು ದಿಂಬಿನಡಿ ಬಚ್ಚಿಟ್ಟು, ಮುಖದ ಮೇಲೆ ತಕ್ಕಷ್ಟು ನರಳಾಟ ತಂದುಕೊಂಡು ಮಲಗಲು ನಮಗೆಲ್ಲ ಸಮಯ ಸಿಗುತ್ತಿತ್ತಾದ್ದರಿಂದ, ಕೃತಜ್ಞತೆಯ ಮೊದಲ ಪಾಲು ಅವಕ್ಕೇ ಸಲ್ಲಬೇಕು.

ನಾನು ಯಾರೆಂದು ತಮಗೆ ಮರೆತಿರಬಹುದು, ಏಕೆಂದರೆ ತಾವು ನನ್ನ ಮುಖ ನೋಡಿದ್ದು ಕಡಿಮೆ. ಕಿಟಕಿ ಪಕ್ಕದ ಹಾಸಿಗೆಯ ಹೊಕ್ಕುಳು ಎಂದರೆ ತಕ್ಷಣ ನೆನಪಾದೀತು. ಎಬೆರ್ತೊ ಅರ್ಗುಮೆದೊ, ಊರಿನ ಹಿತ್ತಾಳೆ ಬ್ಯಾಂಡಿನಲ್ಲಿ ಬೊಂಬಾರ್ದಿನೊ ಊದುವವನು, ಹಾಗಾಗಿ ಊರಿಗೆಲ್ಲ ‘ಮೇಷ್ಟ್ರು’. ಹಟಮಾರಿ ಮಗುವಿನಂತೆ ತೊಡೆಯ ಮೇಲೆ ಕೂತು ಮೈಯಲ್ಲಿರುವ ಉಸಿರನ್ನೆಲ್ಲ ಕುಡಿದುಬಿಡುವ ಆ ದಪ್ಪ ವಾದ್ಯವನ್ನು ಮದುವೆಗೂ ಮಣ್ಣಿಗೂ ಗೂಳಿ ಕಾಳಗಕ್ಕೂ ಊದಿ ಊದಿ, ಕೊನೆಗೊಂದು ದಿನ ಸ್ವಂತ ಹೊಕ್ಕುಳನ್ನೇ ಹೊರಕ್ಕೆ ಊದಿಕೊಂಡವನು. ನಿಂಬೆಕಾಯಿಯಷ್ಟಿದ್ದ ಗಂಟು ಸೀಬೆಹಣ್ಣಿನಷ್ಟಾದಾಗ ಡಾಕ್ಟರು, ‘ಇದು ಹರ್ನಿಯಾ. ಹೊಲಿಸ್ಕೊಳ್ಳಿ, ಇಲ್ಲಾಂದ್ರೆ ವಾದ್ಯ ಬಿಡಿ’ ಎಂದರು. ವಾದ್ಯ ಬಿಟ್ಟರೆ ನನ್ನಲ್ಲಿ ಉಳಿಯುವುದು ಎರಡು ಮೀಸೆ ಮತ್ತು ಹೆಂಡತಿಯ ಬೈಗುಳ. ಡಿಸೆಂಬರ್ ಎಂಟರ ಮುಂಜಾನೆ, ಮಾತೆ ಮರಿಯಮ್ಮನವರ ಹಬ್ಬಕ್ಕೆ ಊರಿನವರೆಲ್ಲ ಮನೆ ಮುಂದೆ ಮೇಣದಬತ್ತಿ ಹಚ್ಚಿ ಕಾಯುವಾಗ, ನಮ್ಮ ಬ್ಯಾಂಡು ಬೀದಿ ಬೀದಿ ಸುತ್ತುತ್ತದೆ. ಆ ಮುಂಜಾನೆ ನಾನು ಮತ್ತೆ ಊದಬೇಕು ಎಂಬ ಒಂದೇ ಆಸೆ ಹೊತ್ತು ಬಂದ ಬಡಪಾಯಿಯನ್ನು ತಾವು ಹೇಗೆ ನಡೆಸಿಕೊಂಡಿರಿ ಎಂಬುದನ್ನು ಊರು ತಿಳಿಯಲಿ ಎಂದೇ ಈ ಪತ್ರ.

ನನ್ನ ಮೊದಲ ಆಕ್ಷೇಪಣೆ ತಾವು ನಡೆಸಿದ ಮೋಸದ ವಿಚಾರಣೆಯ ಕುರಿತು. ಹಿಂದಿನ ರಾತ್ರಿಯಿಂದ ಬಾಯಿಗೆ ಏನೂ ಹಾಕಬಾರದೆಂದು ಅಪ್ಪಣೆಯಾಗಿತ್ತು. ಹಾಕಲಿಲ್ಲ. ಬೆಳಗ್ಗೆ ಎದ್ದು ಕರಿ ಕಾಫಿ ಕುಡಿದದ್ದು ನಿಜ. ಆದರೆ ಈ ದಂಡೆಯಲ್ಲಿ ಕರಿ ಕಾಫಿಯನ್ನು ಯಾರು ಯಾವಾಗ ಆಹಾರವೆಂದು ಕರೆದಿದ್ದಾರೆ? ಅದು ಮುಖ ತೊಳೆಯುವುದರ ಮುಂದುವರಿದ ಭಾಗ. ಕಾಫಿ ಒಂಟಿಯಾಗಿ ಹೊಟ್ಟೆಗಿಳಿಯಬಾರದೆಂದು ನನ್ನ ಹೆಂಡತಿ ಎನಾಲ್ಬ, ಮೂಲೆ ಅಂಗಡಿಯ ನಿಕೊಲಾಸಾ ಎಲೆಯಲ್ಲಿ ಸುತ್ತಿ ಬೇಯಿಸುವ ಮೆಕ್ಕೆಜೋಳದ ಬೊಯೊ ತಂದಿಟ್ಟಳು. ಬೊಯೊ ಗಂಟಲಲ್ಲಿ ನಿಲ್ಲಬಾರದೆಂದು ಅದರ ಮೇಲೆ ಹುಳಿ ಕೆನೆ ಸುರಿದಳು. ‘ಚಾಕು ಹಾಕೋ ಮುಂಚೆ ಹೊಟ್ಟೆ ತಣ್ಣಗಿರಬಾರದು ಕಣ್ರೀ. ಅನ್ನ ಏನೂ ಅಲ್ವಲ್ಲ, ತಿನ್ನಿ’ ಎಂದಳು. ಅನ್ನ ಬೀಳದ ಹೊಟ್ಟೆ ಖಾಲಿ ಹೊಟ್ಟೆ ಎಂಬುದು ನಮ್ಮೂರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಆದ್ದರಿಂದ ಹೆಡ್ ನರ್ಸು ಒಮ್ಮೆ, ಅರಿವಳಿಕೆ ಕೊಡುವ ಡಾಕ್ಟರು ಒಮ್ಮೆ, ಏನಾದರೂ ತಿಂದಿರಾ ಎಂದು ಕೇಳಿದಾಗ ನಾನು ಶುದ್ಧ ಮನಸ್ಸಿನಿಂದ ಇಲ್ಲವೆಂದೆ.

ತಾವಾದರೋ ತಿಂದಿರಾ ಎಂದು ಕೇಳಲೇ ಇಲ್ಲ. ನನ್ನ ಹೊಟ್ಟೆಯ ಕೂದಲು ಬೋಳಿಸುತ್ತಾ, ಬೇಲಿಯಾಚೆಯ ಮನೆಯವರ ಧಾಟಿಯಲ್ಲಿ, ‘ಏನ್ ಮೇಷ್ಟ್ರೇ, ನಿಕೊಲಾಸಾ ಬೊಯೊ ಈಚೆಗೆ ಕಲ್ಲಾಗ್ತಾ ಇದೆಯಂತಲ್ಲ’ ಎಂದಿರಿ.

‘ಯಾರು ಹೇಳಿದ್ದು ಸೆನ್ಯೊ? ಇವತ್ತಂತೂ ಬೆಣ್ಣೆ ಇದ್ದ ಹಾಗಿತ್ತು’ ಎಂದೆ.

ರೇಜರು ನಿಂತಿತು. ‘ಎಷ್ಟು ತಿಂದ್ರಿ, ನನ್ನ ರಾಜಾ?’ ಎಂದು ತಾವು ಕೇಳಿದ ಆ ದನಿಯಲ್ಲಿದ್ದಷ್ಟು ಪ್ರೀತಿ ನನ್ನ ಮದುವೆಯ ದಿನವೂ ನನಗೆ ಸಿಕ್ಕಿರಲಿಲ್ಲ. ಅದಕ್ಕೇ ಮರುಳಾಗಿ, ಎರಡೇ ಎಂದುಬಿಟ್ಟೆ. ಆಪರೇಷನ್ ಮರುದಿನಕ್ಕೆ ಹೋಯಿತು. ಹೊಟ್ಟೆಯ ಎಡಭಾಗ ಬೋಳು, ಬಲಭಾಗ ಕಾಡು. ಆ ಸ್ಥಿತಿಯಲ್ಲಿ ನಾನು ಇಡೀ ದಿನ ತಮ್ಮ ಕಾವಲಿನಲ್ಲಿ ಮಲಗಬೇಕಾಯಿತು. ಎನಾಲ್ಬಳ ಕೈಚೀಲವನ್ನು ತಾವು ಬಾಗಿಲಲ್ಲೇ ಝಾಡಿಸಿದಿರಿ. ಅರಿವಳಿಕೆಯಲ್ಲಿ ಮಲಗಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆದ್ದು ಶ್ವಾಸಕೋಶಕ್ಕೆ ಇಳಿಯಬಹುದಂತೆ, ಇಳಿದರೆ ಅಲ್ಲಿಗೆ ಮುಗಿಯಬಹುದಂತೆ. ಹಾಗೆಂದು ಡಾಕ್ಟರು ಬಹಳ ಗಂಭೀರವಾಗಿ ವಿವರಿಸಿದರು. ಉಸಿರಿನಿಂದಲೇ ಬದುಕುವವನ ಎದೆಯೊಳಗೆ ಹುಳಿ ಕೆನೆ ಸೇರಿದ್ದರೆ ಬೊಂಬಾರ್ದಿನೊದಿಂದ ಯಾವ ರಾಗ ಹೊರಡುತ್ತಿತ್ತೋ, ಅದನ್ನು ಕೇಳುವ ಅಪೂರ್ವ ಅವಕಾಶದಿಂದ ಊರನ್ನು ವಂಚಿಸಿದ್ದಕ್ಕಾಗಿ ತಾವು ಸಾರ್ವಜನಿಕರ ಕ್ಷಮೆ ಕೇಳಬೇಕು.

ಇನ್ನು ಜಪ್ತಿಯ ವಿಷಯ. ಎನಾಲ್ಬಳ ತವರಿನವರು ವರ್ಷಗಟ್ಟಲೆ ಪ್ರಯತ್ನಪಟ್ಟರೂ ನನ್ನ ಬೆರಳಿಂದ ಬಿಚ್ಚಿಸಲಾಗದ ಮದುವೆ ಉಂಗುರವನ್ನು ತಾವು ಒಂದು ಸೋಪಿನ ಚೂರು, ಒಂದು ಗೇಣು ದಾರದಿಂದ ಬಿಚ್ಚಿಸಿದಿರಿ. ಮೇಲಿನ ಸಾಲಿನ ಕಟ್ಟಿದ ಹಲ್ಲನ್ನು ತೆಗೆಸಿ ಲೋಟದಲ್ಲಿ ಮುಳುಗಿಸಿದಿರಿ. ಕೊನೆಗೆ ಕೊರಳಲ್ಲಿದ್ದ ಮರಿಯಮ್ಮನವರ ಪದಕಕ್ಕೆ ಕೈ ಹಾಕಿದಾಗ ನಾನು ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದೆ. ಹಲ್ಲಿಲ್ಲದ ಬಾಯಿಂದ, ‘ಇದೊಂದ್ ಬಿಡಲ್ಲ ಸೆನ್ಯೊ’ ಎಂದೆ.

‘ಒಳಗೆ ಲೋಹ ಬಿಡಲ್ಲ ನನ್ನಪ್ಪಾ. ತಾಯಿ ನನ್ ಜೇಬಲ್ಲಿರ್ತಾಳೆ. ನಿಮ್ಮನ್ನ ಹೊಲಿದು ಮುಗಿಸೋವರೆಗೂ ನಾನು ಊಟಕ್ಕೆ ಹೋಗಲ್ಲ. ನಾನು ಹೋಗದಿದ್ರೆ ಅವಳೂ ಹೋಗಲ್ಲ, ಆಯ್ತಾ?’ ಎಂದಿರಿ.

ದೇವರ ತಾಯಿಯನ್ನು ಮಧ್ಯಾಹ್ನದ ಊಟವಿಲ್ಲದೆ ಅಷ್ಟು ಹೊತ್ತು ದುಡಿಸಿಕೊಂಡದ್ದು ಯಾವ ಕಾರ್ಮಿಕ ಕಾನೂನಿಗೆ ಒಪ್ಪುತ್ತದೆ ಎಂಬ ಪ್ರಶ್ನೆಯನ್ನು ನಾನು ನಮ್ಮ ಪಾದ್ರಿಗಳ ಮುಂದಿಟ್ಟಿದ್ದೇನೆ. ಅವರು ಇನ್ನೂ ಯೋಚಿಸುತ್ತಿದ್ದಾರೆ.

ಎಚ್ಚರವಾದ ಮೇಲಿನ ಕಷ್ಟಗಳನ್ನು ಏನೆಂದು ಬಣ್ಣಿಸಲಿ? ನೀರು ಕೇಳಿದೆ, ಒದ್ದೆ ಬಟ್ಟೆಯಿಂದ ತುಟಿ ಒರೆಸಿದಿರಿ. ಮಲಗಲು ಬಿಡಿ ಎಂದೆ, ಬಿ.ಪಿ. ನೋಡಲು ತೋಳು ಹಿಂಡಿದಿರಿ. ಕಣ್ಣು ಮುಚ್ಚಿದರೆ ಬ್ಯಾಂಡೇಜು ಎತ್ತಿ ಇಣುಕಿದಿರಿ. ನೋವೆಂದು ಅಲುಗಾಡದೆ ಬಿದ್ದುಕೊಂಡವನ ಹೊಟ್ಟೆಯ ಮೇಲೆ ದಿಂಬಿಟ್ಟು, ಅದರ ಮೇಲೆ ತಮ್ಮ ಬಲಗೈ ಒತ್ತಿ, ‘ಕೆಮ್ಮಿ ಮೇಷ್ಟ್ರೇ, ಎದೇಲಿ ಕಫ ಸಾಕ್ತಾ ಇದೀರಾ?’ ಎಂದಿರಿ. ಕೆಮ್ಮಿದೆ. ಹರಿದುಹೋದೆ ಎಂದುಕೊಂಡೆ. ಹರಿಯಲಿಲ್ಲ. ಹರಿಯದೆ ಉಳಿದದ್ದು ನನಗೇ ಒಂದು ರೀತಿಯ ನಿರಾಸೆ, ಏಕೆಂದರೆ ತಮ್ಮ ಮೇಲೆ ಹಾಕಬಹುದಾಗಿದ್ದ ಗಟ್ಟಿಯಾದ ಮೊಕದ್ದಮೆ ಅಲ್ಲಿಗೆ ಬಿದ್ದುಹೋಯಿತು.

ಆದರೆ ಇವೆಲ್ಲ ಬರೀ ಪೀಠಿಕೆ. ಅಸಲು ಅನ್ಯಾಯ ಹೂಸಿನದು. ಪತ್ರದಲ್ಲಿ ಈ ಶಬ್ದ ಬರೆಯಲು ಸಂಕೋಚವಾಗುತ್ತದೆ, ಆದರೆ ವಾರ್ಡಿನ ಈ ತುದಿಯಿಂದ ಆ ತುದಿಗೆ ಕೂಗಿ ಕೇಳಲು ತಮಗೆ ಆಗದ ಸಂಕೋಚ ನನಗೇಕೆ? ಗಂಟಿನಲ್ಲಿ ಕರುಳಿನ ಒಂದು ಮಡಿಕೆ ಸಿಕ್ಕಿಕೊಂಡಿತ್ತಂತೆ; ಅದನ್ನು ಒಳಗೆ ಸೇರಿಸಿ ಹೊಲಿದಿದ್ದರಂತೆ; ಅದು ಮತ್ತೆ ಕೆಲಸ ಶುರುಮಾಡಿದೆಯೆಂದು ಹೂಸಿನ ಮೂಲಕ ತಿಳಿಸುವವರೆಗೂ ನನಗೆ ಊಟವಿಲ್ಲವಂತೆ. ತಮ್ಮ ‘ಬಂತಾ ಮೇಷ್ಟ್ರೇ?’ ಎಂಬ ಪ್ರಶ್ನೆ ಪಕ್ಕದ ಹಾಸಿಗೆಯ ಪಿತ್ತಕೋಶದವರಿಗೆ ಅಂಟಿತು, ಅವರಿಂದ ಅವರನ್ನು ನೋಡಲು ಬಂದವರಿಗೆ, ಅವರಿಂದ ಸಂತೆಗೆ. ಎನಾಲ್ಬ ಪ್ರತಿ ಸಲ ಒಂದು ಪಾತ್ರೆ ನಾಟಿಕೋಳಿ ಸಾರು ಹೊತ್ತು ತರುತ್ತಿದ್ದಳು, ಬಾಗಿಲಲ್ಲೇ ‘ಬಂತಾ?’ ಎನ್ನುತ್ತಿದ್ದಳು, ಇಲ್ಲವೆಂದರೆ ನನ್ನನ್ನು ನೋಡಲು ಬಂದವರು ನನ್ನ ಕಣ್ಣೆದುರೇ ಆ ಸಾರು ಕುಡಿದು, ಉಪ್ಪು ಹದವಾಗಿದೆ ಎಂದು ಹೊಗಳಿ ಹೋಗುತ್ತಿದ್ದರು.

ಬ್ಯಾಂಡಿನ ದೊಡ್ಡ ಡೋಲಿನವನು, ನನ್ನ ಗೆಳೆಯ ದಾಗೊ, ಕಿಟಕಿಯಾಚೆ ನಿಂತು, ‘ಲೋ ಎಬೆರ್ತೊ, ಇಷ್ಟು ವರ್ಷ ಮೇಲಿಂದ ಊದಿದೀಯ, ಒಂದ್ಸಲ ಕೆಳಗಿಂದ ಊದೋಕಾಗಲ್ವೇನೋ? ಬೇಕಾದ್ರೆ ನಾನು ತಾಳ ಕೊಡ್ತೀನಿ’ ಎಂದ. ಕೊಟ್ಟೂ ಕೊಟ್ಟ. ಕಿಟಕಿಯ ಕಟ್ಟೆಯ ಮೇಲೆ ಬಾರಿಸಿದ. ಏನೂ ಬರಲಿಲ್ಲ.

ಆಗ ತಾವು ನನ್ನನ್ನು ನಡೆಸಲು ಹೊರಟಿರಿ. ಆಸ್ಪತ್ರೆಯ ಆ ನಿಲುವಂಗಿಯನ್ನು ಹೊಲಿದ ದರ್ಜಿ ಮುಂಭಾಗ ಮುಗಿಸಿದ ಕೂಡಲೇ ತೀರಿಕೊಂಡಿರಬೇಕು, ಹಿಂಭಾಗವೆಂಬುದೇ ಅದಕ್ಕಿಲ್ಲ. ಇದ್ದ ಒಂದೇ ಲಾಡಿಯನ್ನು ತಮ್ಮ ಬಲಗೈಯಲ್ಲಿ ಲಗಾಮಿನಂತೆ ಹಿಡಿದು, ‘ನಡೀರಿ, ನದಿವರೆಗೂ ಹೋಗೋಣ’ ಎನ್ನುತ್ತಾ ಪಡಸಾಲೆಯಲ್ಲಿ ಹೊರಡಿಸಿದಿರಿ. ಅದೇ ಹೊತ್ತಿಗೆ ಪಡಸಾಲೆಯ ಮಧ್ಯೆ ಆಸ್ಪತ್ರೆಯ ನಿರ್ದೇಶಕರು, ದಾನಕ್ಕೆ ಬಂದ ಹೊಸ ಫ್ಯಾನುಗಳ ಕೆಳಗೆ, ಹೂಗುಚ್ಛ ಹಿಡಿದ ದಾನಿ ಮಹಿಳೆಯರ ಎದುರು ಭಾಷಣ ಮಾಡುತ್ತಿದ್ದರು. ‘ಈ ಸಂಸ್ಥೆಯಲ್ಲಿ ಇನ್ನು ಮುಂದೆ ಹೊಸ ಗಾಳಿ’ ಎಂದು ಅವರು ಶುರುಮಾಡಿ, ಮುಂದಿನ ಪದಕ್ಕಾಗಿ ಒಂದು ಕ್ಷಣ ತಡೆದರು.

ನಾನು ತಡೆಯಲಿಲ್ಲ. ತಡೆಯುವ ಶಕ್ತಿ ನನ್ನಲ್ಲಿರಲಿಲ್ಲ. ಅದು ದೀರ್ಘವಾಗಿತ್ತು, ಮಂದ್ರಸ್ಥಾಯಿಯಲ್ಲಿತ್ತು, ಕೊನೆಯಲ್ಲಿ ಒಂದು ಸಣ್ಣ ತಿರುವೂ ಇತ್ತು. ಹೂಗುಚ್ಛಗಳು ಮೂಗಿಗೇರಿದವು. ಬೇರೆ ಯಾರಾದರೂ ಆಗಿದ್ದರೆ ನನ್ನನ್ನು ಗೋಡೆಯ ಮರೆಗೆ ಎಳೆಯುತ್ತಿದ್ದರು. ತಾವು ಲಾಡಿ ಬಿಟ್ಟು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದಿರಿ. ‘ಒಂದ್ನಿಮಿಷ ಡಾಕ್ಟ್ರೇ, ಭಾಷಣ ಆಮೇಲೆ. ಎನಾಲ್ಬಾ, ಬಂತು! ಸಾರು ತಗೊಂಬಾ’ ಎಂದು ಕೂಗಿದಿರಿ. ಲಾಡಿ ಬಿಟ್ಟಿದ್ದರಿಂದ ದಾನಿಗಳಿಗೆ ಇನ್ನೇನೇನು ದರ್ಶನವಾಯಿತೋ, ಅದರ ವಿವರಕ್ಕೆ ನಾನು ಇಳಿಯುವುದಿಲ್ಲ. ಆ ದಿನ ಕುಡಿದ ಎರಡು ಚಮಚ ತಿಳಿಸಾರಿನ ರುಚಿಯ ವಿವರಕ್ಕೂ ಇಳಿಯುವುದಿಲ್ಲ, ಏಕೆಂದರೆ ಇದು ದೂರಿನ ಪತ್ರ.

ಮನೆಗೆ ಹೊರಟ ದಿನ ತಾವು ನನ್ನ ದಿಂಬಿನಡಿ ಕೈಹಾಕಿ, ದಾಗೊ ಕದ್ದು ತಂದುಕೊಟ್ಟಿದ್ದ ವಾದ್ಯದ ಬಾಯಿಯನ್ನು, ಅಂದರೆ ತುಟಿಗೆ ಒತ್ತಿಕೊಂಡು ಊದುವ ಆ ಬಿಡಿ ತುಂಡನ್ನು, ಎತ್ತಿಕೊಂಡಿರಿ. ಪದಕವನ್ನು ನನ್ನ ಕೊರಳಿಗೆ ಹಾಕಿ, ಆ ತುಂಡನ್ನು ಅದೇ ಜೇಬಿಗೆ ಇಳಿಬಿಟ್ಟಿರಿ. ‘ತಾಯಿ ನಿಮ್ಹತ್ರ, ಬಾಯಿ ನನ್ಹತ್ರ. ಟೈಮ್ ಬಂದಾಗ ನಾನೇ ತರ್ತೀನಿ. ಅಲ್ಲೀವರೆಗೂ ಭಾರ ಎತ್ತಬೇಡಿ, ತಿಣುಕಬೇಡಿ, ಊದಬೇಡಿ’ ಎಂದಿರಿ. ಅಂದಿನಿಂದ ಬ್ಯಾಂಡಿನ ಅಭ್ಯಾಸದಲ್ಲಿ ನಾನು ಬಾಯಿಲ್ಲದ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸುತ್ತಾ ಕೂತೆ. ಬ್ಯಾಂಡು ಇಷ್ಟು ಚೆನ್ನಾಗಿ ಎಂದೂ ನುಡಿದಿರಲಿಲ್ಲ ಎಂದು ದಾಗೊ ಊರೆಲ್ಲ ಹೇಳಿಕೊಂಡು ಬಂದ.

ಡಿಸೆಂಬರ್ ಏಳರ ಮಧ್ಯಾಹ್ನ ತಾವು ಬಂದಿರಿ. ಹೂವಿನ ಅಂಗಿ ತೊಟ್ಟು, ಸಂತೆ ಚೀಲದಲ್ಲಿ ಮರಗೆಣಸು ಹೊತ್ತು, ಚಪಚಪ ಸದ್ದಿಲ್ಲದೆ ಬಂದದ್ದರಿಂದ ನನಗೆ ಗುರುತೇ ಸಿಗಲಿಲ್ಲ. ನನ್ನ ಅಂಗಿ ಎತ್ತಿಸಿ ಗಾಯದ ಕಲೆ ನೋಡಿದಿರಿ. ತುಂಡನ್ನು ವಾದ್ಯಕ್ಕೆ ಸಿಕ್ಕಿಸಿ ಕೊಟ್ಟು, ‘ಊದಿ’ ಎಂದಿರಿ.

ಊದಲಾಗಲಿಲ್ಲ. ತುಟಿ ಇಟ್ಟೆ, ಉಸಿರು ಎಳೆದೆ, ಎಳೆದ ಉಸಿರು ಎದೆಯಲ್ಲೇ ಗಟ್ಟಿಯಾಯಿತು. ಎನಾಲ್ಬ ಜಪಮಾಲೆ ಹಿಡಿದು ಅಡುಗೆಮನೆಗೆ ಹೋದಳು. ‘ಹೊಲಿಗೆ ಬಿಟ್ರೆ ಸೆನ್ಯೊ?’ ಎಂದೆ.

ತಾವು ಚೀಲ ಕೆಳಗಿಟ್ಟು, ಬಲಗೈಯನ್ನು ಹಿಂಜರಿಯದೆ ಕಲೆಯ ಮೇಲೆ ಅಂಗೈ ಅಗಲಕ್ಕೂ ಒತ್ತಿದಿರಿ. ‘ಬಿಟ್ರೆ ನನ್ ಕೈಗೇ ಬರುತ್ತೆ. ಹಿಡ್ಕೋತೀನಿ. ಊದಿ’ ಎಂದಿರಿ.

ಊದಿದೆ. ಸ್ವರ ಅಂಗಳ ದಾಟಿತು. ಬೇಲಿಯ ಮೇಲಿದ್ದ ಕೋಳಿಗಳು ಹಾರಿದವು. ತಮ್ಮ ಕೈಗೆ ಏನೂ ಬರಲಿಲ್ಲ. ಎನಾಲ್ಬ ಅಡುಗೆಮನೆಯಿಂದ ಏನೋ ಹೇಳಿದಳು, ಅತ್ತಳೋ ಬೈದಳೋ ತಿಳಿಯಲಿಲ್ಲ. ತಾವು ಕೈ ತೆಗೆದು, ಚೀಲ ಎತ್ತಿಕೊಂಡು, ‘ಹೊಲಿಗೆ ಗಟ್ಟಿಯಾಗಿದೆ. ಶ್ರುತಿ ಸ್ವಲ್ಪ ಕೆಳಗಿದೆ, ಅದು ಹರ್ನಿಯಾದಿಂದ ಅಲ್ಲ, ಮುಂಚಿಂದ್ಲೂ ಹಾಗೇ’ ಎಂದು ಹೇಳಿ ಹೊರಟೇಹೋದಿರಿ.

ಮರುದಿನ ಮುಂಜಾನೆ ಮೇಣದಬತ್ತಿಗಳ ನಡುವೆ ನಾನು ಊದಿದ್ದನ್ನು ತಾವೂ ತಮ್ಮ ಮನೆ ಮೆಟ್ಟಿಲ ಮೇಲೆ ಕೂತು ಕೇಳಿದ್ದೀರಿ. ನನ್ನ ದೂರಿನ ತಿರುಳು ಇಲ್ಲಿದೆ. ಅಂದಿನಿಂದ ಪ್ರತಿ ದೀರ್ಘ ಸ್ವರಕ್ಕೂ ಮುಂಚೆ ನನ್ನ ಹೊಟ್ಟೆ ಒಂದು ಅಂಗೈಯನ್ನು ಹುಡುಕುತ್ತದೆ. ಎನಾಲ್ಬಳ ಕೈ ಇಟ್ಟು ನೋಡಿದೆವು. ಅವಳು ಕಚಗುಳಿ ಇಡುತ್ತಾಳೆ. ದಾಗೊ ತನ್ನ ಕೈ ಕೊಡಲು ಮುಂದೆ ಬಂದ; ನಾನು ಇನ್ನೂ ಅಷ್ಟು ಕೆಟ್ಟಿಲ್ಲ. ಆದಕಾರಣ ತಾವು ಒಂದೋ ತಮ್ಮ ಬಲಗೈಯನ್ನು ಬ್ಯಾಂಡಿಗೆ ಶಾಶ್ವತವಾಗಿ ವರ್ಗಾಯಿಸಿ ಆಸ್ಪತ್ರೆಯ ಕೆಲಸವನ್ನು ಎಡಗೈಯಲ್ಲೇ ನಿಭಾಯಿಸಬೇಕು, ಇಲ್ಲವೇ ಪ್ರತಿ ಮೆರವಣಿಗೆಯಲ್ಲೂ ನನ್ನ ಹೊಟ್ಟೆಗೆ ಕೈ ಒತ್ತಿಕೊಂಡು ಹಿಮ್ಮುಖವಾಗಿ ನಡೆಯಬೇಕೆಂದು ಕೋರುತ್ತೇನೆ. ಊರು ಏನನ್ನುತ್ತದೋ ಎಂಬ ಅಂಜಿಕೆ ಬೇಡ. ಎನಾಲ್ಬ ಒಪ್ಪಿದ್ದಾಳೆ, ಬೇಕಾದರೆ ಸಾರಿನ ಪಾತ್ರೆ ಹೊತ್ತು ತಾನೂ ಹಿಂದೆ ಬರುತ್ತಾಳಂತೆ.

ಕೆಮ್ಮು ಎಂದಾಗ ಕೆಮ್ಮುವ, ನಡೆ ಎಂದಾಗ ನಡೆಯುವ,
ತಮ್ಮ ವಿಶ್ವಾಸಿ,
ಎಬೆರ್ತೊ ಅರ್ಗುಮೆದೊ
(ಕಿಟಕಿ ಪಕ್ಕದ ಹೊಕ್ಕುಳು)

ತಾ.ಕ.: ಬ್ಯಾಂಡು ತಮ್ಮ ಗೌರವಾರ್ಥ ಒಂದು ಹೊಸ ಕುಣಿತದ ಹಾಡು ಕಟ್ಟಿದೆ, ಹೆಸರು ‘ಬಂತು, ಸೆನ್ಯೊ’. ನಡುವೆ ಒಂದು ಕಡೆ ಎಲ್ಲ ವಾದ್ಯಗಳೂ ಗಪ್ಪನೆ ನಿಲ್ಲುತ್ತವೆ, ಬೊಂಬಾರ್ದಿನೊ ಒಂದೇ ಒಂದು ಮಂದ್ರ ಸ್ವರವನ್ನು ಕೊನೆಯಲ್ಲಿ ಸಣ್ಣ ತಿರುವಿನೊಂದಿಗೆ ಹಿಡಿಯುತ್ತದೆ, ಜನ ‘ಸಾರು ತಗೊಂಬಾ’ ಎಂದು ಕೂಗುತ್ತಾರೆ. ಬರುವ ಭಾನುವಾರ ಆಸ್ಪತ್ರೆಯ ಗೇಟಿನ ಮುಂದೆ ಮೊದಲ ಪ್ರದರ್ಶನ. ಶ್ರುತಿಯ ಬಗ್ಗೆ ತಮಗೆ ಇನ್ನೂ ಅನುಮಾನವಿದ್ದರೆ ದಯವಿಟ್ಟು ನಿರ್ದೇಶಕರನ್ನು ಕೇಳಿ. ಮೂಲವನ್ನು ಅವರು ಬಹಳ ಹತ್ತಿರದಿಂದ ಕೇಳಿದ್ದಾರೆ.