ಚಿಗವ್ವನ ಪೂಜ್ಯ ಸಹನೆ

ನಮ್ಮ ಚಿಗವ್ವನ ವ್ಯಾನಿಟಿ ಬ್ಯಾಗನ್ನು ಪೊಲೀಸರು ಇಲ್ಲಿಯವರೆಗೆ ತೆರೆದು ನೋಡಿಲ್ಲ. ಹಾಗಾಗಿಯೇ ಆಕೆ ಇನ್ನೂ ಹೊರಗಿದ್ದಾಳೆ! ನೋಡಿದ ದಿನ ಆಕೆಗೆ ಜಾಮೀನು ಕೊಡಿಸುವುದು ಯಾವ ವಕೀಲರಿಂದಲೂ ಆಗದ ಮಾತು. ಅದರೊಳಗೆ ಪೌಡರ್ ಡಬ್ಬಿ, ಬಾಚಣಿಗೆ ಇದ್ದದ್ದನ್ನು ನಾನಂತೂ ಕಂಡಿಲ್ಲ. ಕಂಡದ್ದೆಲ್ಲ ಮಡಚುವ ಚಾಕುಗಳು, ಅರ್ಧ ಮುರಿದ ಬ್ಲೇಡುಗಳು, ಕೈವಾರಗಳು, ಕೀಲಿಗೊಂಚಲಿನಿಂದ ಕಿತ್ತ ಮೀನಿನ ಆಕಾರದ ಒಂದು ಪುಟ್ಟ ಚೂರಿ. ಇಷ್ಟನ್ನೆಲ್ಲ ಹೆಗಲಿಗೆ ಹಾಕಿಕೊಂಡು ತಿರುಗುವ ಹೆಂಗಸಿನ ಉದ್ಯೋಗ ಏನಿರಬಹುದು, ಹೇಳಿ? ಸರ್ಕಾರಿ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ!

ಚಿಗವ್ವ ಅಂದರೆ ನಮ್ಮ ಅವ್ವನ ತಂಗಿ. ಕಲಿಸುವುದು ಗಣಿತ. ಹೆದರುವುದು ಚೂಪಾದ ವಸ್ತುಗಳಿಗೆ ಮಾತ್ರ. ಬ್ಯಾಗಿನಲ್ಲಿರುವುದೆಲ್ಲ ವಿದ್ಯಾರ್ಥಿಗಳಿಂದ ಕಸಿದುಕೊಂಡದ್ದು. ಕಸಿದದ್ದನ್ನು ಶಾಲೆಯ ಅಲಮಾರಿಯಲ್ಲಿ ಇಡಬಾರದೇ ಎಂದು ಕೇಳಿದ್ದೆ. ಅಲಮಾರಿಯ ಕೀಲಿ ಕಳೆದು ಬಹಳ ಕಾಲವಾಗಿದೆಯಂತೆ, ಬಾಗಿಲನ್ನು ಚಾಕುವಿನಿಂದ ಮೀಟಿ ತೆಗೆಯಬೇಕಂತೆ. ಚಾಕುವಿನಿಂದ ತೆಗೆಯುವ ಅಲಮಾರಿಯಲ್ಲಿ ಚಾಕುಗಳನ್ನು ಇಡುವುದು ಯಾವ ಬುದ್ಧಿವಂತಿಕೆ ಎಂದು ಆಕೆ ನನ್ನನ್ನೇ ಕೇಳಿದಳು. ಗಣಿತದವರ ಜೊತೆ ವಾದ ಮಾಡಬಾರದು.

ಈ ಭಯ ಶುರುವಾದದ್ದು ಜೇವರ್ಗಿಯಲ್ಲಿ. ಆಗ ಆಕೆ ಸಹಶಿಕ್ಷಕಿ. ಒಂದು ದಿನ ಯಾರೋ ಒಬ್ಬ ತುಂಟ ತನ್ನ ಗೆಳೆಯನಿಗೆಂದು ಬೆಂಚಿನ ಮೇಲೆ ಡಿವೈಡರನ್ನು ಮೊನೆ ಮೇಲೆ ಮಾಡಿ ನಿಲ್ಲಿಸಿದ್ದ. ಗೆಳೆಯ ಆ ದಿನ ಶಾಲೆಗೆ ಬಂದಿರಲಿಲ್ಲ. ಹುಡುಗರ ಜೊತೆ ಕುಳಿತು ಲೆಕ್ಕ ಹೇಳಿಕೊಡೋಣವೆಂದು ಖಾಲಿ ಜಾಗ ನೋಡಿ ಕುಳಿತವಳು ಚಿಗವ್ವ! ಅಂದೇ ಮಧ್ಯಾಹ್ನ ಇಡೀ ತರಗತಿಯ ಡಿವೈಡರು, ಕೈವಾರಗಳೆಲ್ಲ ಆಕೆಯ ಬ್ಯಾಗು ಸೇರಿದವು. ಆಮೇಲೆ ವೃತ್ತ ಬರೆಯುವುದು ಹೇಗೆ? ಆಕೆ ತನ್ನ ಕೈಯ ಬಳೆ ತೆಗೆದುಕೊಟ್ಟಳು. ಅದೇ ಬಳೆ ಬೆಂಚಿನಿಂದ ಬೆಂಚಿಗೆ ಹೋಗುತ್ತಿತ್ತು. ಇಲಾಖೆಯವರು ಬಂದು ನೋಡಿದರೆ ಪ್ರತಿ ಹುಡುಗನ ವಹಿಯಲ್ಲೂ ಒಂದೇ ಅಳತೆಯ ವೃತ್ತ. ಪ್ರಶ್ನೆಯಲ್ಲಿ ಕೇಳಿದ ತ್ರಿಜ್ಯ ಬೇರೆ, ಬರೆದ ತ್ರಿಜ್ಯ ಬೇರೆ. ಉತ್ತರ ತಪ್ಪಿರಬಹುದು, ಆದರೆ ಯಾರಿಗೂ ರಕ್ತ ಬಂದಿಲ್ಲವಲ್ಲ ಎಂದು ಚಿಗವ್ವ ಸಮಜಾಯಿಷಿ ಕೊಟ್ಟಳಂತೆ. ಮುಂದಿನ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯೇ ಬಳೆಯ ಅಳತೆಗೆ ತಯಾರಾಯಿತು!

ಮನೆಯ ಕಥೆ ಕೇಳುವುದೇ ಬೇಡ, ಅಲ್ಲಿ ಚಾಕು, ಈಳಿಗೆ ಒಂದೂ ಇಲ್ಲ. ರೊಟ್ಟಿ ಜೊತೆ ಉಳ್ಳಾಗಡ್ಡಿಯನ್ನು ಗುದ್ದಿ ಒಡೆದು ತಿನ್ನುವುದು ನಮ್ಮ ಕಡೆ ಇದ್ದದ್ದೇ. ಆದರೆ ಚಿಗವ್ವ ಈ ಪದ್ಧತಿಯನ್ನು ಉಳಿದ ತರಕಾರಿಗಳಿಗೂ ವಿಸ್ತರಿಸಿದ್ದಾಳೆ. ಕುಂಬಳಕಾಯಿ ತಂದ ದಿನ ನಮ್ಮ ಕಾಕಾ, ಅಂದರೆ ಆಕೆಯ ಗಂಡ, ಏನಾದರೊಂದು ಕೆಲಸ ಹುಡುಕಿಕೊಂಡು ಹೊರಗೆ ಹೋಗಿಬಿಡುತ್ತಾರೆ.

ಅಫಜಲಪುರಕ್ಕೆ ವರ್ಗವಾದ ಮೇಲೆ ಬಸ್ಸಿನ ಪ್ರಸಂಗ ನಡೆಯಿತು. ಆ ದಿನ ನಾನೂ ಜೊತೆಗಿದ್ದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆಧಾರ್ ತೋರಿಸಬೇಕು. ಚಿಗವ್ವ ಬ್ಯಾಗಿನೊಳಗೆ ಕೈ ಹಾಕಿ ಹುಡುಕತೊಡಗಿದಳು. ಒಂದು ಚಾಕು ತೆಗೆದು ಸೀಟಿನ ಮೇಲಿಟ್ಟಳು. ಇನ್ನೊಂದನ್ನು ತೆಗೆದು ಅದರ ಪಕ್ಕದಲ್ಲಿಟ್ಟಳು. ಬ್ಲೇಡುಗಳನ್ನು ಕರವಸ್ತ್ರದ ಮೇಲೆ ಹರಡಿದಳು. ಎದುರಿಗಿದ್ದ ಹೆಣ್ಣುಮಗಳು ಕೂಸನ್ನೆತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. ಮೀನಿನ ಚೂರಿ ಹೊರಬರುವ ಹೊತ್ತಿಗೆ ಕಂಡಕ್ಟರ್ ಟಿಕೆಟ್ ಹರಿದು ದೂರದಿಂದಲೇ ಚಾಚಿದ.

“ಇರಲಿ ಬಿಡ್ರಿ ಅಕ್ಕಾರ. ಆಧಾರ್ ಬ್ಯಾಡ. ಮಾರಿ ನೋಡಿದ್ರ ಗೊತ್ತಾಗತದ, ನೀವು ಕರ್ನಾಟಕದವರೇ.”

ಈಗ ಆಕೆ ಇರುವುದು ಆಳಂದ ತಾಲ್ಲೂಕಿನಲ್ಲಿ, ಭೂಸನೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ. ಸುತ್ತ ಕಬ್ಬು. ಅದೇ ಶಾಲೆಗೆ ನಾನು ವಿಜ್ಞಾನದ ಅತಿಥಿ ಶಿಕ್ಷಕನಾಗಿ ಸೇರಿದೆ. ಚಿಗವ್ವನ ವಶೀಲಿಯಿಂದ ಸೇರಿದೆನೆಂದು ಆಡಿಕೊಂಡವರುಂಟು. ಅವರಿಗೆ ಗೊತ್ತಿಲ್ಲ, ಮೊದಲ ದಿನ ಗೇಟಿನಲ್ಲಿ ಆಕೆ ತಪಾಸಣೆ ಮಾಡಿದ್ದು ನನ್ನ ಬ್ಯಾಗನ್ನೇ! ನನ್ನ ಉಗುರು ಕತ್ತರಿ ಹೋಯಿತು. ಇವತ್ತಿಗೂ ಬಂದಿಲ್ಲ.

ಅಷ್ಟರಲ್ಲಿ ಎಲ್ಲೋ ಯಾವುದೋ ಶಾಲೆಯಲ್ಲಿ ಹುಡುಗರ ನಡುವೆ ಚಾಕು ಆಡಿದ ಸುದ್ದಿಯನ್ನು ಆಕೆ ಫೋನಿನಲ್ಲಿ ನೋಡಿದಳು. ಕಲಬುರಗಿಯ ಒಂದು ತರಬೇತಿಯಲ್ಲಿ ‘ಝೀರೋ ಟಾಲರೆನ್ಸ್’ ಎಂಬ ಮಾತೂ ಕಿವಿಗೆ ಬಿತ್ತು. ಗಣಿತದವಳಿಗೆ ಸೊನ್ನೆಗಿಂತ ಪ್ರಿಯವಾದದ್ದು ಏನಿದೆ? ಪಾಲಕರ ಸಭೆ ಕರೆದು ಕಾಯ್ದೆ ಸಾರಿದಳು: ಚಾಕು ತಂದವರು ಯಾರೇ ಇರಲಿ, ಯಾಕೇ ತಂದಿರಲಿ, ಅಂದೇ ಟಿ.ಸಿ. ಕೊಟ್ಟು ಶಾಲೆ ಬಿಡಿಸುವುದು. ವಿಚಾರಣೆ ಇಲ್ಲ, ವಿನಾಯಿತಿ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಲಾ ಸಮಿತಿಯ ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಮರುದಿನದಿಂದ ದಿನಾ ಬೆಳಿಗ್ಗೆ ಗೇಟಿನಲ್ಲಿ ಚಿಗವ್ವ ಬ್ಯಾಗಿನ ಬಾಯಿ ಅಗಲಿಸಿಕೊಂಡು ನಿಲ್ಲುತ್ತಿದ್ದಳು. “ಏನದ, ಹಾಕ್ರಿ ಇದರಾಗ” ಎಂಬುದೊಂದೇ ಮಾತು. ಮಕ್ಕಳು ಗುಡಿಯ ಹುಂಡಿಗೆ ಹಾಕುವಷ್ಟೇ ಭಕ್ತಿಯಿಂದ ಹಾಕಿ ಒಳಗೆ ಹೋಗುತ್ತಿದ್ದವು. ಶಾರ್ಪನರುಗಳೂ ಹೋದವು, ಯಾಕೆಂದರೆ ಮೊಳೆ ಬಿಚ್ಚಿದರೆ ಅದರೊಳಗೂ ಬ್ಲೇಡು ಇದೆಯಲ್ಲ! ಹೀಗಾಗಿ ಪೆನ್ಸಿಲು ಮೊಂಡಾದವರೆಲ್ಲ ಆಫೀಸಿನ ಮುಂದೆ ಸಾಲು ನಿಲ್ಲುವುದು, ಮುಖ್ಯೋಪಾಧ್ಯಾಯಿನಿ ಕಸಿದ ಚಾಕುವಿನಿಂದ ಒಂದೊಂದಾಗಿ ಕೆತ್ತಿಕೊಡುವುದು. ಶಾಲೆಯಲ್ಲಿ ಚಾಕು ಇರಬಾರದೆಂದು ಹೇಳಿದವರು ಯಾರು ಎಂದು ನಾನು ಕೆಣಕಿದೆ.

“ಝೀರೋ ಅಂದ್ರ ನನ್ನ ಬಿಟ್ಟು ಝೀರೋ ಲೇ ತಮ್ಮಾ,” ಅಂದಳು, ತಲೆಯೆತ್ತದೆ.

ಇಲ್ಲಿಯವರೆಗೆ ನಗುತ್ತ ಬರೆದೆ. ಮುಂದಿನದನ್ನು ನಗುತ್ತ ಬರೆಯಲಾರೆ.

ಸಂಜೆ ಗಂಟೆ ಬಾರಿಸಿತ್ತು. ನಾನು ಬೇವಿನ ಮರದ ಕೆಳಗೆ, ಸೈಕಲ್ ನಿಲ್ಲಿಸುವ ಜಾಗದಲ್ಲಿ ಫೋನು ನೋಡುತ್ತ ನಿಂತಿದ್ದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಸೈಕಲ್ ತೆಗೆಯುತ್ತಿದ್ದಳು. ಕಬ್ಬಿನ ನಡುವೆ ನಾಲ್ಕಾರು ಮನೆಗಳಿರುವ ಒಂದು ವಸ್ತಿಯಿಂದ ಬರುವವಳು. ತರಗತಿಯಲ್ಲಿ ಆಕೆಯ ದನಿ ಕೇಳಿದ ನೆನಪೇ ನನಗಿಲ್ಲ. ಹತ್ತನೆಯ ತರಗತಿಯ ಹುಡುಗನೊಬ್ಬ ಬಂದು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡ. ಬಿಡು ಎಂದಳು. ಅವನು ನಗುತ್ತ ಇನ್ನಷ್ಟು ಹತ್ತಿರ ಬಂದ. ಹುಡುಗಿ ಬಗ್ಗಿ ಸೀಟಿನ ಕೆಳಗಿನ ಸ್ಪ್ರಿಂಗಿನಿಂದ ಏನನ್ನೋ ಎಳೆದಳು.

ಟಕ್.

ಸಣ್ಣ ಸದ್ದು. ಈಗಲೂ ಯಾರಾದರೂ ಪೆನ್ನಿನ ಗುಂಡಿ ಒತ್ತಿದರೆ ನಾನು ತಟ್ಟನೆ ತಿರುಗಿ ನೋಡುತ್ತೇನೆ. ಹಸಿರು ಹಿಡಿಯ ಚಾಕು, ಅಲಗು ಹುಡುಗನ ಹೊಟ್ಟೆಯ ಮಟ್ಟದಲ್ಲಿ. ಅವನ ಬೆನ್ನು ಹಿಂದಿನ ಕಂಪೌಂಡ್ ಗೋಡೆಗೆ ತಗುಲಿತು, ಆದರೂ ಕೈ ಹ್ಯಾಂಡಲಿನ ಮೇಲೇ ಇತ್ತು, ಬಿಡುವುದನ್ನೇ ಮರೆತಿದ್ದ. ಹುಡುಗಿಯ ಕೈ ಎಷ್ಟು ನಡುಗುತ್ತಿತ್ತೆಂದರೆ ಆಕೆ ಚುಚ್ಚಬೇಕೆಂದೇನೂ ಇರಲಿಲ್ಲ, ನಡುಕವೇ ಚುಚ್ಚಿಬಿಡುತ್ತಿತ್ತು. ನಾನು ಎಂ.ಎಸ್ಸಿ., ಬಿ.ಇಡಿ. ಮಾಡಿದವನು. ಮಕ್ಕಳ ಮನಶ್ಶಾಸ್ತ್ರದಲ್ಲಿ ಒಳ್ಳೆಯ ಅಂಕಗಳಿವೆ. ಬಾಯಿಂದ ಒಂದು ‘ಏ’ ಕೂಡ ಹೊರಡಲಿಲ್ಲ.

ಚಿಗವ್ವ ಎಲ್ಲಿಂದ ಬಂದಳೋ ಗೊತ್ತಾಗಲಿಲ್ಲ. ಓಡಲಿಲ್ಲ, ಕೂಗಲಿಲ್ಲ. ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಲ್ಲುವಂತೆಯೇ ಅವರಿಬ್ಬರ ನಡುವೆ ಬಂದು ನಿಂತು ಬ್ಯಾಗಿನ ಬಾಯಿ ಅಗಲಿಸಿದಳು.

“ಏನದ, ಹಾಕವ್ವ ಇದರಾಗ.”

ಹುಡುಗಿಗೆ ಆ ಮಾತು ಅಷ್ಟು ರೂಢಿಯಾಗಿತ್ತು. ಹಾಕಿಬಿಟ್ಟಳು. ತೆರೆದ ಅಲಗು ಬ್ಯಾಗಿನ ತಳವನ್ನು ಸೀಳಿ ಮೊನೆ ಹೊರಗೆ ಇಣುಕಿತು. ಚಿಗವ್ವ ಅದರತ್ತ ನೋಡದೆ ಹುಡುಗನ ಕಡೆ ತಿರುಗಿದಳು.

“ನೀನೂ ಹಾಕು.”

“ನನ್ನ ಕಡೆ ಏನೂ ಇಲ್ರಿ ಮೇಡಂ.”

“ಕೈ ಅದ ಅಲ್ಲ, ಆಕಿ ಸೈಕಲ್ ಮ್ಯಾಲೆ ಇಟ್ಟದ್ದು. ತಗಿ ಅದನ್ನ.”

ಅವನು ಕೈ ತೆಗೆದ. ಅಷ್ಟೇ. ಆಕೆ ಒಂದು ಉಸಿರಿನಷ್ಟು ತಡಮಾಡಿದ್ದರೆ? ರಾತ್ರಿ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತೇನೆ. ಪ್ರತಿ ಸಲವೂ ಚಿಗವ್ವ ಸಮಯಕ್ಕೆ ಸರಿಯಾಗಿಯೇ ಬರುತ್ತಾಳೆ, ಆದರೂ ಪ್ರತಿ ಸಲವೂ ನನಗೆ ನಂಬಿಕೆಯಾಗುವುದಿಲ್ಲ.

ಮರುದಿನ ಆಫೀಸಿನಲ್ಲಿ ಸಮಿತಿ ಸೇರಿತು. ಅಧ್ಯಕ್ಷರು ಕೆಟ್ಟವರಲ್ಲ, ಕಬ್ಬು ಬೆಳೆಯುವ ದೊಡ್ಡ ರೈತರು. ಆದರೆ ಹ್ಯಾಂಡಲ್ ಹಿಡಿದ ಹುಡುಗ ಅವರ ತಮ್ಮನ ಮಗ. ಅವರು ಹೊಸದೇನನ್ನೂ ಕೇಳಲಿಲ್ಲ. ಚಾಕು ಬಂದಿದೆ, ಕಾಯ್ದೆ ನಿಮ್ಮದೇ, ಟಿ.ಸಿ. ಕೊಡಿ ಎಂದರು. ಕಾಯ್ದೆಯಲ್ಲಿ ಚಾಕುವಿನ ಹೆಸರಿತ್ತು, ಸೈಕಲ್ ಹಿಡಿದ ಕೈಯ ಹೆಸರಿರಲಿಲ್ಲ.

ಬಾಗಿಲ ಬಳಿ ಹುಡುಗಿಯ ತಾಯಿ ನಿಂತಿದ್ದಳು. “ಬ್ಯಾರೆ ಸಾಲಿಗಿ ಕಳಸೂದು ಆಗೂದಿಲ್ರಿ. ಮನ್ಯಾಗ ಇರ್ತಾಳ ಬಿಡ್ರಿ,” ಅಂದಳು. ಜಗಳ ಮಾಡುವ ದನಿಯೂ ಅಲ್ಲ, ಬೇಡುವ ದನಿಯೂ ಅಲ್ಲ. ಅಲ್ಲಿಗೆ ಹುಡುಗಿಯ ಓದು ಮುಗಿಯಿತೆಂದು ಎಲ್ಲರಿಗೂ ಅರ್ಥವಾಯಿತು.

ಚಿಗವ್ವ ಹುಡುಗಿಯನ್ನು ಕರೆದು, ಚಾಕು ಯಾಕೆ ಇಟ್ಟುಕೊಂಡೆ ಎಂದು ಕೇಳಿದಳು. ವಿಚಾರಣೆ ಇಲ್ಲವೆಂದು ತಾನೇ ಮಾಡಿದ ಕಾಯ್ದೆಯನ್ನು ಆಕೆ ಅಲ್ಲೇ ಅರ್ಧ ಮುರಿದಿದ್ದಳು. ಹುಡುಗಿ ಹ್ಯಾಂಡಲ್ ಹಿಡಿದವನ ಬಗ್ಗೆ ಏನೂ ಹೇಳಲಿಲ್ಲ. “ಕಬ್ಬು ಎತ್ತರ ಆದಮ್ಯಾಲೆ ರಸ್ತಾ ಕಾಣೂದಿಲ್ರಿ ಮೇಡಂ,” ಅಂದಳು.

ಚಿಗವ್ವ ಕಿಟಕಿಯಾಚೆಯ ಕಂಪೌಂಡ್ ಗೋಡೆಯನ್ನೇ ನೋಡುತ್ತ ಕುಳಿತಳು. ಆ ಗೋಡೆಯ ವಿಚಾರ ಇಲ್ಲಿ ಹೇಳಲೇಬೇಕು. ಝೀರೋ ಟಾಲರೆನ್ಸ್ ಎಂಬುದನ್ನು ಅಚ್ಚ ಕನ್ನಡದಲ್ಲಿ ಬರೆಸಿ ಎಂದು ಆಕೆ ನಮ್ಮ ಕನ್ನಡ ಮಾಸ್ತರರಿಗೆ ವಹಿಸಿದ್ದಳು. ಅವರು ಗಡಿಯ ಖಜೂರಿಯವರು. ಮರಾಠಿಯ ಗಾಳಿಗೆ ಅಲ್ಲಿಯ ಹಿರಿಯರು ಸೊನ್ನೆಗೆ ‘ಪೂಜ್ಯ’ ಎನ್ನುತ್ತಾರೆ. ಪರೀಕ್ಷೆಯಲ್ಲಿ ಏನೂ ಬಾರದವನಿಗೆ ಪೂಜ್ಯ ಬಂತು ಎಂದೇ ಹೇಳುವುದು. ಮಾಸ್ತರರು ಕೆಂಪು ಬಣ್ಣದಲ್ಲಿ ಬರೆಸಿದ್ದರು: ‘ಚಾಕುವಿನ ಬಗ್ಗೆ ನಮ್ಮ ಶಾಲೆಯದು ಪೂಜ್ಯ ಸಹನೆ.’ ಪೇಂಟರು ‘ಪೂಜ್ಯ’ ನೋಡಿದವನೇ ಎರಡೂ ಬದಿಗೆ ಕಮಲ ಬಿಡಿಸಿದ್ದ! ಚಿಗವ್ವನ ಕಣ್ಣಿಗೆ ಅದರಲ್ಲಿ ಸೊನ್ನೆಯೊಂದೇ ಕಂಡಿತ್ತು, ಹಾಗಾಗಿ ಭೇಷ್ ಎಂದಿದ್ದಳು.

ಈಗ ಆಕೆ ಅಧ್ಯಕ್ಷರ ಕಡೆ ತಿರುಗಿದಳು.

“ಕಾಯ್ದಾ ಗ್ವಾಡಿ ಮ್ಯಾಲೆ ಬರದದ್ರಿ. ಪೂಜ್ಯ ಅಂದ್ರ ಏನ್ರಿ ಅಧ್ಯಕ್ಷರ?”

ಅಧ್ಯಕ್ಷರು ತುಸು ಯೋಚಿಸಿದರು. “ಸ್ವಾಮಿಗಳಿಗಿ ಅಂತೀವಲ್ರಿ. ದೊಡ್ಡದು, ಕೈ ಮುಗಿಯೂವಂಥದು.”

“ಅಂದಮ್ಯಾಲೆ ಕೈ ಮುಗಿಯೂವಂಥ ಸಹನೆ ಮಾಡ್ರಿ ಅಂತ ಬರದದ. ನಾ ಹೆಂಗ ಟಿ.ಸಿ. ಕೊಡ್ಲಿ?”

ಮೂಲೆಯಲ್ಲಿದ್ದ ಕನ್ನಡ ಮಾಸ್ತರರು ಗಾಬರಿಯಿಂದ ಎದ್ದರು. “ಮೇಡಂ, ಪೂಜ್ಯ ಅಂದ್ರ ಸೊನ್ನಿ ಅಲ್ರೀ—”

“ಮಾಸ್ತರ, ಕೂಡ್ರಿ.”

ಜೀವಮಾನವಿಡೀ ಸೊನ್ನೆಯನ್ನು ಕಲಿಸಿದವಳು ಸೊನ್ನೆಯನ್ನೇ ಅಲ್ಲಗಳೆದು ಕುಳಿತಿದ್ದಳು! ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರಿಗೂ ಗೊತ್ತಿತ್ತು. ಅವರು ಮೀಸೆಯ ಮೇಲೆ ಕೈಯಾಡಿಸಿ ಬಾಗಿಲಲ್ಲಿ ನಿಂತ ತಾಯಿಯನ್ನು ನೋಡಿದರು, ನೆಲ ನೋಡಿದರು, ಕೊನೆಗೆ ಎದ್ದರು. “ಗ್ವಾಡಿ ಮ್ಯಾಲೆ ಬರದದ್ದು ಸುಳ್ಳ ಆಗಬಾರದ್ರಿ. ನಮ್ಮ ಹುಡುಗನ್ನ ನಾ ನೋಡ್ಕೋತೇನಿ,” ಎಂದು ಟೊಪ್ಪಿಗೆ ಹಾಕಿಕೊಂಡು ಹೊರಟರು.

ಅಂದು ಸಂಜೆ ಎಲ್ಲ ಮಕ್ಕಳು ಹೋದ ಮೇಲೂ ಆ ಹುಡುಗಿ ಆಫೀಸಿನ ಮುಂದೆ ನಿಂತೇ ಇದ್ದಳು. ಚಾಕು ವಾಪಸು ಬೇಕಾಗಿತ್ತು.

“ಕೊಡೂದಿಲ್ಲ,” ಅಂದಳು ಚಿಗವ್ವ.

“ಹಂಗಾದ್ರ ನಾ ಹೆಂಗ ಹೋಗ್ಲಿ ಮೇಡಂ?”

ಚಿಗವ್ವ ಮೇಜಿನ ಮೇಲಿನ ಗಾಜನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದಳು.

“ಅದರ ಬದಲಿ ನಾ ಬರ್ತೇನಿ. ನಡಿ.”

ಆಕೆ ಜನ್ಮದಲ್ಲಿ ಸೈಕಲ್ ಹತ್ತಿದವಳಲ್ಲ. ಕ್ಯಾರಿಯರ್ ಮೇಲೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕುಳಿತಳು. ಹಿಂದಿನ ಚಕ್ರ ನಿಟ್ಟುಸಿರು ಬಿಟ್ಟಿತು. ನಾನು ಬೈಕಿನಲ್ಲಿ ವಸ್ತಿಯವರೆಗೆ ಬಂದು ವಾಪಸು ಕರೆದೊಯ್ಯಬೇಕೆಂದು ಅಪ್ಪಣೆಯಾಯಿತು, ದಿನಾಲೂ. ಸೈಕಲ್ಲು ಓಲಾಡುತ್ತ ಕಬ್ಬಿನ ನಡುವೆ ನುಗ್ಗಿತು. ನೋಡುನೋಡುತ್ತಿದ್ದಂತೆ ಇಬ್ಬರೂ ಕಾಣದಾದರು. ದನಿ ಮಾತ್ರ ಕೇಳುತ್ತಿತ್ತು. ಚಿಗವ್ವ ಗಟ್ಟಿಯಾಗಿ, ಇಡೀ ಹೊಲಕ್ಕೇ ಕೇಳಿಸುವಂತೆ, ಹತ್ತೊಂಬತ್ತರ ಮಗ್ಗಿ ಹೇಳುತ್ತಿದ್ದಳು. ನಿದ್ದೆಯಲ್ಲಿ ಕೇಳಿದರೂ ತಪ್ಪದವಳು, ಆ ಕಬ್ಬಿನೊಳಗೆ ಏಳಕ್ಕೆ ಬರುವಷ್ಟರಲ್ಲಿ ತಡವರಿಸಿ ನೂರಾ ಇಪ್ಪತ್ಮೂರು ಅಂದಳು.

ತರಗತಿಯಲ್ಲಿ ನಾನೆಂದೂ ಕೇಳದ ದನಿ ಮೆಲ್ಲಗೆ ತಿದ್ದಿತು:

“ನೂರಾ ಮೂವತ್ಮೂರ್ರಿ ಮೇಡಂ. ನನ್ನ ಗಟ್ಟಿ ಹಿಡ್ಕೋರಿ, ಮುಂದ ತೆಗ್ಗು ಅದ.”