ಮೂರು ಬೀಗ, ಒಬ್ಬ ಬೀಗ

ಜಯಣ್ಣ: ತೆಗೀತೀಯೋ ಇಲ್ವೋ?

ರುದ್ರ: ಇಲ್ಲ ಸಾವ್ಕಾರ್ರೇ.

ಜಯಣ್ಣ: ಲೇ, ಮಿಲ್ಲು ನಂದು, ಮಿಷನ್ನು ನಂದು, ಕರೆಂಟು ನಂದು. ನನ್ ಮೇನ್ ಸ್ವಿಚ್ಚಿಗೆ ಬೀಗ ಜಡಿಯಾಕೆ ನೀನ್ಯಾವನೋ?

ರುದ್ರ: ಎಲ್ಲಾ ನಿಮ್ದೇ ಸಾವ್ಕಾರ್ರೇ. ಒಳಾಗೆ ಹಾಕಿರೋ ಕೈ ಮಾತ್ರ ನಂದು.

ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಮಿಲ್ಲು. ಬೆಳಗ್ಗೆ ಹತ್ತೂವರೆ. ಶೇಂಗಾ ಬೀಜ ಅರೆದು ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್ ಮಿಷನ್ನು ಹೊಟ್ಟೆ ಬಿಚ್ಚಿಕೊಂಡು ನಿಂತಿದೆ. ಅದರೊಳಕ್ಕೆ ಭುಜದ ತನಕ ಕೈ ತೂರಿಸಿ ಕೂತವನು ಮೊಳಕಾಲ್ಮೂರಿನ ಫಿಟ್ಟರ್ ತಿಪ್ಪೇರುದ್ರ. ಹೋದ ತಿಂಗಳು ಯಾವುದೋ ದೊಡ್ಡ ಕಾರ್ಖಾನೆಯಲ್ಲಿ ಎರಡು ದಿನದ ತರಬೇತಿ ಮುಗಿಸಿ, ಒಂದು ಕೆಂಪು ಬೀಗ ಹಿಡಿದುಕೊಂಡು ಊರಿಗೆ ಬಂದ. ಅವತ್ತಿನಿಂದ ಆ ಬೀಗಕ್ಕೆ ಕೊಡುವ ಮರ್ಯಾದೆಯನ್ನು ಅವನು ಹೆಂಡತಿಗೂ ಕೊಟ್ಟಿಲ್ಲ ಎಂದು ಊರಲ್ಲಿ ಮಾತಿದೆ. ಅವನ ತಲೆಯ ಮೇಲೆ ಬಗ್ಗಿ ಕೂಗಾಡುತ್ತಿರುವವರು ಮಿಲ್ಲಿನ ಮಾಲೀಕ ಜಯಣ್ಣ. ಇಸ್ತ್ರಿ ಮಾಡಿದ ಬಿಳೀ ಅಂಗಿ, ಹಣೆಗೆ ವಿಭೂತಿ, ಮೈ ತುಂಬ ಗಾಬರಿ.

ಜಯಣ್ಣ: ಹನ್ನೊಂದಕ್ಕೆ ರಾಂಪುರದಿಂದ ಚಿಕ್ಕೀರಪ್ಪೋರು ಬರ್ತಾವ್ರೆ ಕಣೋ. ನಮ್ ತೇಜಶ್ರೀನ ಕೇಳಿರೋ ಹುಡುಗನ ಅಪ್ಪ. ಜಯಣ್ಣನ ಮಿಲ್ಲು ನಿಂತೋಗೈತೆ ಅಂತ ಯಾವನೋ ಪುಣ್ಯಾತ್ಮ ಅವರ ಕಿವಿ ಊದವ್ನೆ. ನಿಜಾನೋ ಸುಳ್ಳೋ ಕಣ್ಣಾರೆ ನೋಡಾಕೇ ಬರ್ತಿರೋದು. ಅವರು ಬಂದಾಗ ಈ ಮಿಷನ್ ತಿರುಗ್ತಿರ್ಬೇಕು. ಇಲ್ಲಾಂದ್ರೆ ಸಂಬಂಧ ಮುರೀತೈತೆ!

ರುದ್ರ: ತಿರುಗಿದ್ರೆ ನನ್ ಕೈ ಮುರೀತೈತೆ.

ಜಯಣ್ಣ: ಬೀಗ ತೆಗೆದ್ರೆ ಮಿಷನ್ ತಾನಾಗೇ ತಿರುಗ್ತೈತೇನೋ? ಸ್ವಿಚ್ ಆಫ್ ಮಾಡಿದೀಯ, ಹಬೆ ಎಲ್ಲಾ ಹೊರಗೆ ಬಿಟ್ಟಿದೀಯ. ಇನ್ನೇನ್ ಬೇಕು? ಅಲ್ಲಾ, ಎಲ್ಲಾ ಆಫ್ ಮಾಡಿ ಬೀಗ ಹಾಕಿದ್ಮೇಲೆ ಹೋಗಿ ಸ್ಟಾರ್ಟ್ ಬಟನ್ ಒತ್ತಿದ್ಯಲ್ಲ, ತಲೆ ನೆಟ್ಟಗೈತಾ ನಿಂಗೆ?

ರುದ್ರ: ನಿಜ್ವಾಗ್ಲೂ ಸತ್ತೈತೋ, ನಾಟಕ ಆಡ್ತೈತೋ ನೋಡ್ಬೇಕಲ್ಲ.

ಜಯಣ್ಣ: ಸತ್ತೋರನ್ನ ತಿವಿದು ನೋಡ್ತಾರೇನೋ!

ರುದ್ರ: ಎದ್ದು ಕುಂದ್ರೋದಿದ್ರೆ, ನಾನು ಕೈ ಹಾಕೋಕೆ ಮುಂಚೆ ಕುಂದ್ರಲಿ ಅಂತ.

ಜಯಣ್ಣ: ಸರಿ ಕಣಪ್ಪಾ. ಬೀಗ ತೆಗಿ, ಬೋರ್ಡಿನ ಹತ್ರ ನಾನೇ ಕಾವಲು ನಿಂತ್ಕಂತೀನಿ. ನೀನು ಕೈ ತೆಗೆದ ತಕ್ಷಣ ಸ್ವಿಚ್ ಹಾಕ್ತೀನಿ. ಟೈಮ್ ಉಳೀತೈತೆ.

ರುದ್ರ: ನಮ್ ಕ್ಯಾತಪ್ಪ ಕೆಲಸ ಮಾಡ್ತಿದ್ದ ಮಿಲ್ಲಿನಾಗೂ ಒಬ್ಬ ಕಾವಲಿದ್ದ. ಟೀ ಬಂತು ಅಂತ ಎದ್ದೋದ. ಇನ್ನೊಬ್ಬ ಬಂದ, ಸ್ವಿಚ್ ಹಾಕ್ದ. ಈಗ ಕ್ಯಾತಪ್ಪ ಹೋಟ್ಲಿನಾಗೆ ಐದು ಇಡ್ಲಿ ಅಂತ ತೋರ್ಸಾಕೆ ಎರಡೂ ಕೈ ಎತ್ತಬೇಕು.

ಜಯಣ್ಣ ತಮ್ಮ ಐದೂ ಬೆರಳು ಒಮ್ಮೆ ನೋಡಿಕೊಂಡರು. ಮಾತು ನಾಟಿತು. ಆದರೆ ಗೋಡೆಯ ಗಡಿಯಾರ ಅದಕ್ಕಿಂತ ಚೆನ್ನಾಗಿ ನಾಟಿತ್ತು. ದಡದಡ ಮೇನ್ ಬೋರ್ಡಿನ ಹತ್ತಿರ ಹೋಗಿ ನೋಡಿದರೆ, ಕೆಂಪು ಬೀಗದ ಪಕ್ಕದಲ್ಲೇ ತುಕ್ಕು ಹಿಡಿದ ಇನ್ನೊಂದು ಬೀಗ.

ಜಯಣ್ಣ: ಇದ್ಯಾರ್ದೋ ಇದು?

ಮಿಷನ್ನಿನ ಆಚೆ ಮಗ್ಗುಲಿಂದ ಒಂದು ತಲೆ ಎದ್ದಿತು. ಮಿಲ್ಲಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುವ ಕರಿಯಕ್ಕ. ಕೈಯಲ್ಲಿ ಹಿಂಡಿ ಕೆರೆಯುವ ಸಲಾಕೆ.

ಕರಿಯಕ್ಕ: ನಂದು. ಈ ಕಡೆಯಿಂದ ನಾನೂ ಕೈ ಹಾಕೀನಲ್ಲ. ಕೈ ಹಾಕ್ದೋರೆಲ್ಲ ತಮ್ ತಮ್ ಬೀಗ ಹಾಕ್ಬೇಕಂತೆ. ಬೀಗದ ಕೈ ತಮ್ ತಾವೇ ಇಟ್ಕಬೇಕಂತೆ.

ಜಯಣ್ಣ: ಎಲ್ಲಿಂದ ತಂದೆ ಈ ಬೀಗಾನ?

ಕರಿಯಕ್ಕ: ನಮ್ಮನೆ ಬಾಗ್ಲಿಂದ.

ಜಯಣ್ಣ: ಮತ್ತೆ ಮನೆ?

ಕರಿಯಕ್ಕ: ತೆಗ್ದೇ ಐತೆ. ಹೋದ್ರೆ ನಾಕು ಪಾತ್ರೆ ಹೋಗ್ತಾವೆ. ಕೈಯೇ ಹೋದ್ರೆ ಪಾತ್ರೆ ಇಟ್ಕಂಡು ನಾನೇನ್ ಮಾಡ್ಲಿ?

ಜಯಣ್ಣ: ಒಬ್ಬನಿಗೆ ತಲೆ ಕೆಟ್ಟೈತೆ ಅಂದ್ಕಂಡಿದ್ದೆ. ಇಬ್ರಿಗೂ ಕೆಟ್ಟೈತೆ! ಇನ್ನೂ ಎಷ್ಟು ಹೊತ್ತೋ ನಿಮ್ದು?

ಎಂದು ಜಯಣ್ಣ ಮಿಷನ್ನಿನ ಬಾಯೊಳಕ್ಕೆ ಬಗ್ಗಿದರು. ಅಂಗಿಯ ಜೇಬಿನಿಂದ ಮೊಬೈಲು ಸರ್ರನೆ ಜಾರಿ ಒಳಗೆ ಬಿತ್ತು. ತಳದಲ್ಲಿ ಉಳಿದಿದ್ದ ಎಣ್ಣೆಯಲ್ಲಿ ಬುಳುಕ್ ಎಂದಿತು. ಹಿಂದೆಯೇ ಹೋದ ಜಯಣ್ಣನ ಕೈಯನ್ನು ರುದ್ರ ಗಾಳಿಯಲ್ಲೇ ಹಿಡಿದ.

ರುದ್ರ: ಬೀಗ!

ಜಯಣ್ಣ: ಲೇ, ಫೋನು ಕಣೋ!

ರುದ್ರ: ಫೋನಿಗೆ ಬ್ಯಾಡ. ಕೈಗೆ ಬೇಕು.

ಜಯಣ್ಣ: ಆಗ್ಲೇ ಎರಡು ಅವಲ್ಲೋ! ಮೂರನೇದೇನು ಪೂಜೆಗಾ?

ರುದ್ರ: ನಾವಿಬ್ರೂ ಕೆಲಸ ಮುಗೀತು ಅಂತ ನಮ್ ಬೀಗ ತೆಗೆದು ಹೋದ್ವಿ ಅಂದ್ಕಳಿ. ಒಳಾಗಿರೋ ನಿಮ್ ಕೈಗೆ ಯಾರು ದಿಕ್ಕು?

ಕರಿಯಕ್ಕ: ಮಗಳ ಧಾರೆ ಎರೆಯೋ ಕೈ ಸಾವ್ಕಾರ್ರೇ. ಜ್ವಾಪಾನ.

ಜಯಣ್ಣ ಹಲ್ಲು ಕಡಿಯುತ್ತ ಹೋಗಿ ಆಫೀಸು ರೂಮಿನ ಹಿತ್ತಾಳೆ ಬೀಗ ಬಿಚ್ಚಿ ತಂದರು, ಬೋರ್ಡಿಗೆ ಸಿಕ್ಕಿಸಿದರು, ಬೀಗದ ಕೈ ಎಡಗೈ ಮುಷ್ಟಿಯಲ್ಲಿ ಭದ್ರವಾಗಿ ಹಿಡಿದರು. ಬಲಗೈ ಒಳಗೆ ಹಾಕಿ ಫೋನು ಎತ್ತಿದರು. ಬೀಗ ತೆಗೆಯಬೇಕು ಅನ್ನುವಷ್ಟರಲ್ಲಿ ಎಣ್ಣೆ ಸುರಿಯುತ್ತಿದ್ದ ಫೋನು ಬಡಿದುಕೊಂಡಿತು. ಮನೆಯಿಂದ ಹೆಂಡತಿ ರಾಧಮ್ಮ. ಹೊಟ್ಟೆ ತುಂಬ ಎಣ್ಣೆ ಕುಡಿದಿದ್ದ ಫೋನು ಅರ್ಧ ಮಾತು ನುಂಗಿ ಅರ್ಧ ಮಾತ್ರ ಉಗುಳುತ್ತಿತ್ತು.

ರಾಧಮ್ಮ: ರೀ... ಬೀಗ... ಏನಾತು?

ಜಯಣ್ಣ: ಏನಾಗೋದು, ಬೋರ್ಡಿಗೆ ನೇತಾಡ್ತಾ ಐತೆ!

ರಾಧಮ್ಮ: ಅಯ್ಯೋ ಶಿವ್ನೇ! ಯಾವಾ...ಗ?

ಜಯಣ್ಣ: ಬೆಳಗ್ಗಿಂದ. ಒಂದಲ್ಲ ಕಣೇ, ಮೂರು!

ರಾಧಮ್ಮ: ಮೂ...ರಾ? ಬೇಗ ಇಳಿ...ಸ್ರೀ!

ಜಯಣ್ಣ: ಎಲ್ಲಿಂದ ಇಳ್ಸಲಿ? ಬಾಯೇ ಬಿಡ್ತಿಲ್ಲ. ಆಕ್ಸಾ ಬ್ಲೇಡ್ ತಗಂಡು ಕುತ್ತಿಗೆ ಕುಯ್ತೀನಿ ಈಗ!

ರಾಧಮ್ಮ: ನಿಮ್ಗೇನ್ ಬಂತು... ಒಂಚೂರು ನೀ...ರು ಕೊಟ್ರಾ?

ಜಯಣ್ಣ: ನೀರು ಹಾಕಿದ್ರೆ ತುಕ್ಕು ಹಿಡೀತೈತೆ ಕಣೇ. ಬೇಕಾದ್ರೆ ಎಣ್ಣೆ ಬಿಡ್ತೀನಿ.

ಆ ಕಡೆ ಏನೋ ಉರುಳಿ ಬಿದ್ದ ಸದ್ದಾಯಿತು. ಫೋನು ಸತ್ತಿತು.

ಜಯಣ್ಣ: ನೋಡಿದ್ರಾ, ಮನೆ ತನಕ ಮಾನ ಹೋತು. ಸಾಕು! ಕರಿಯಕ್ಕ, ಸುತ್ತಿಗೆ ತಗಂಬಾ. ಇವತ್ತು ಬೀಗನ್ನ ಒಡೆದೇ ಒಡೀತೀನಿ. ಯಾವನು ಅಡ್ಡ ಬರ್ತಾನೋ ನೋಡ್ತೀನಿ!

ನಮ್ಮ ಕಡೆ ಸಿಟ್ಟು ಬಂದಾಗ ಹಕಾರ ರಜೆ ಹಾಕಿ ಹೋಗುತ್ತದೆ. ಆಗ ಒಡೆಯುವುದಕ್ಕೂ ಹೊಡೆಯುವುದಕ್ಕೂ ಒಂದೇ ಮಾತು. ಆದ್ದರಿಂದ, ಅದೇ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಚಿಕ್ಕೀರಪ್ಪನವರು, ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡರು.

ಚಿಕ್ಕೀರಪ್ಪ: ಜಯಣ್ಣೋರೇ, ನಾನು ಹುಡುಗಿ ಕೇಳಾಕೆ ಬಂದೋನು. ಒಡೆಸ್ಕಳಾಕೆ ಬಂದಿಲ್ಲ.

ಜಯಣ್ಣ: ಅಯ್ಯಯ್ಯೋ, ಬೀಗರೇ! ನಿಮ್ಮನ್ನಲ್ಲ ರೀ! ಆ ಬೀಗನ್ನ!

ಚಿಕ್ಕೀರಪ್ಪ: ಯಾವ ಬೀಗನ್ನ? ನನ್ ಬಿಟ್ಟು ಇನ್ನೊಬ್ಬ ಬೀಗನ್ನ ಬೇರೆ ನೋಡ್ಕಂಡಿದೀರಾ?

ಜಯಣ್ಣ: ಒಬ್ಬನಲ್ಲ ರೀ, ಮೂರು ಅವೆ... ಅಲ್ಲಿ ನೋಡ್ರಿ, ನೇತಾಕಿರೋದು...

ಚಿಕ್ಕೀರಪ್ಪ: ಮೂವರನ್ನ ಆಗ್ಲೇ ನೇತಾಕಿದೀರಾ? ವಸ್ತಾನು, ನಮಸ್ಕಾರ.

ರಾಂಪುರದವರು ತೆಲುಗಿನಲ್ಲಿ ‘ಬರುತ್ತೇನೆ’ ಎಂದರೆ ಇನ್ನು ಬರುವುದಿಲ್ಲ ಎಂದೇ ಲೆಕ್ಕ. ಮಗಳ ಮದುವೆ ಕಣ್ಣೆದುರೇ ಚಪ್ಪಲಿ ಮೆಟ್ಟಿ ಹೊರಟಿತ್ತು. ಜಯಣ್ಣನಿಗೆ ಅಳುವೇ ಬಂತು. ಮೇಜಿನ ಮೇಲೆ ಬೀಗರಿಗೆಂದು ತಟ್ಟೆಯಲ್ಲಿ ಜೋಡಿಸಿಟ್ಟ ಎಲೆ ಅಡಿಕೆ ಕಂಡಿತು. ಎರಡೂ ಕೈಯಲ್ಲಿ ಬಾಚಿ, ಓಡಿಹೋಗಿ, ಕೈಯಲ್ಲಿದ್ದುದನ್ನೆಲ್ಲ ಚಿಕ್ಕೀರಪ್ಪನವರ ಬೊಗಸೆಗೆ ಸುರಿದು ಮುಚ್ಚಿಬಿಟ್ಟರು.

ಜಯಣ್ಣ: ಮೊದ್ಲು ಇದನ್ನ ಹಿಡೀರಿ. ಆಮೇಲೆ ಬೈರಿ, ಒಡೀರಿ, ಏನಾದ್ರೂ ಮಾಡ್ರಿ. ಸಂಬಂಧ ಮಾತ್ರ ಬಿಡಬ್ಯಾಡ್ರಿ.

ಚಿಕ್ಕೀರಪ್ಪ ಬೊಗಸೆ ಬಿಚ್ಚಿ ನೋಡಿದರು. ಹುಬ್ಬು ಮೇಲಕ್ಕೆ ಹೋಯಿತು. ಮತ್ತೆ ಮುಚ್ಚಿದರು. ಚಪ್ಪಲಿ ಬಿಟ್ಟು ಬಂದು ಕುರ್ಚಿಯಲ್ಲಿ ಕೂತರು.

ಅಷ್ಟರಲ್ಲಿ ರುದ್ರ ಕೊನೆಯ ಬೋಲ್ಟು ಬಿಗಿದು ಕೈ ಒರೆಸಿಕೊಂಡ. ಮುಚ್ಚಳ ಹಾಕಿದ. ಕರಿಯಕ್ಕನ ಎರಡೂ ಕೈ ಕಣ್ಣಾರೆ ನೋಡಿದ. ತನ್ನ ಕೆಂಪು ಬೀಗ ತಾನೇ ತೆಗೆದ. ಕರಿಯಕ್ಕ ತಾಳಿಸರದಲ್ಲಿದ್ದ ಬೀಗದ ಕೈಯಿಂದ ತನ್ನದನ್ನು ತೆಗೆದಳು.

ಜಯಣ್ಣ: ಆತಾ? ನೋಡ್ರಿ ಬೀಗರೇ, ಮಿಲ್ಲು ನಿಂತೈತೆ ಅಂದ ನನ್ಮಗ ಯಾರು ಅಂತ. ಈಗ ತಿರುಗ್ತೈತೆ ನೋಡ್ರಿ!

ರುದ್ರ: ಇನ್ನೂ ಒಂದೈತೆ. ನಿಮ್ದು.

ಜಯಣ್ಣ ಎಡಗೈ ಬಿಚ್ಚಿದರು. ಖಾಲಿ. ಅಂಗಿ ಜೇಬು ನೋಡಿದರು, ಪಂಚೆ ಒದರಿದರು, ಮಿಷನ್ನಿನ ಕೆಳಗೆ ಬಗ್ಗಿದರು.

ಜಯಣ್ಣ: ಬೀಗದ ಕೈ ಎಲ್ಲೋ? ಬೀಗದ ಕೈ!

ಚಿಕ್ಕೀರಪ್ಪ: ಬೀಗನ ಕೈ ಇಲ್ಲೇ ಐತಲ್ಲ.

ಎಂದು ಕೈ ಎತ್ತಿ ಬಿಚ್ಚಿದರು. ಅಂಗೈಯಲ್ಲಿ ಎಲೆ, ಎಲೆಯ ಮೇಲೆ ಅಡಿಕೆ, ಅಡಿಕೆಯ ಪಕ್ಕದಲ್ಲಿ ಹಿತ್ತಾಳೆ ಬೀಗದ ಕೈ. ಅವರ ಕಣ್ಣು ಒದ್ದೆಯಾಗಿತ್ತು.

ಚಿಕ್ಕೀರಪ್ಪ: ಜಯಣ್ಣೋರೇ, ನಿಮ್ ಬಾಯಿ ಒರಟು. ಅದನ್ನ ಕೇಳಿ, ಈ ಮನೆ ನಮಗೆ ಆಗಿಬರಲ್ಲ ಅಂತ ಹೊಂಟಿದ್ದೆ. ಆದ್ರೆ ಮಾತುಕತೆಗೂ ಮುಂಚೆ, ನಾವು ಬಾಯಿ ಬಿಟ್ಟು ಕೇಳ್ದೇನೇ, ತಾಂಬೂಲದ ಜೊತೆ ಮಿಲ್ಲಿನ ಬೀಗದ ಕೈಯೇ ಒಪ್ಪಿಸಿದ್ರಲ್ಲ! ಇಂಥಾ ದೊಡ್ಡ ಮನಸ್ಸು ಯಾರಿಗೈತೆ? ನಮ್ ಹುಡುಗ ಗೋವರ್ಧನ ಪುಣ್ಯ ಮಾಡಿದ್ದ. ಸಂಬಂಧ ಕೂಡ್ತು, ಹೋಗ್ರಿ.

ಜಯಣ್ಣ ಬಾಯಿ ತೆರೆದರು. ನಾಲಗೆಯ ತುದಿಗೆ ಬಂದಿದ್ದು ‘ಅದು ತಪ್ಪಿ ಬಂದಿದ್ದು, ವಾಪಸ್ ಕೊಡ್ರಿ’. ಅದನ್ನು ಆಡಿದರೆ ತೇಜಶ್ರೀಯ ಮದುವೆ ಅಲ್ಲಿಗೆ ಮುಗಿಯಿತು. ಬಾಯಿ ಮುಚ್ಚಿದರು. ಒಂದು ಗಳಿಗೆ ನಕ್ಕರು. ಆಮೇಲೆ ಮೆಲ್ಲಗೆ ಹಿಂದೆ ಸರಿದು ರುದ್ರನ ಕಿವಿಯ ಹತ್ತಿರ ಬಂದರು.

ಜಯಣ್ಣ: ರುದ್ರ, ನನ್ನಪ್ಪ, ವಾಪಸ್ ಕೇಳಾಕಾಗಲ್ಲ ಕಣೋ. ಆ ಬೀಗ ಇದ್ರೆ ತಾನೇ ಆ ಕೈಗೆ ಬೆಲೆ? ನನ್ ಬೀಗ, ನಾನೇ ಹೇಳ್ತಿದೀನಿ. ಆಕ್ಸಾ ಬ್ಲೇಡ್ ತಗಂಡು ಸದ್ದಾಗದಂಗೆ ಕುಯ್ದು ಬಿಡು.

ರುದ್ರ ಹೆಗಲ ಮೇಲಿನ ಟವಲು ತೆಗೆದು ಕಂಕುಳಲ್ಲಿಟ್ಟುಕೊಂಡ. ನೇರವಾಗಿ ಚಿಕ್ಕೀರಪ್ಪನವರ ಮುಂದೆ ಹೋಗಿ ಕೈಮುಗಿದು ನಿಂತ.

ರುದ್ರ: ಹಳೇ ಸಾವ್ಕಾರ್ರು ಬೀಗ ಕುಯ್ಯಿ ಅಂತಾವ್ರೆ. ತಾವೇನಂತೀರಿ, ಸಾವ್ಕಾರ್ರೇ?